ಇಲ್ಲ ಅಂದರೆ ಸಾಕು

ಆ ಮೂರನೇ ಮಹಡಿಯ ಮನೆಯಲ್ಲಿ ಬೆಳಗಿನ ಚಹಾ ಕುದಿಯುವಷ್ಟರಲ್ಲಿ ಒಂದು ಮಹಾಯುದ್ಧ ಮುಗಿದೇ ಹೋಗಿರುತ್ತಿತ್ತು. ಎರಡೂ ಕಡೆಯಿಂದ ಒಂದೇ ಒಂದು ಮಾತೂ ಖರ್ಚಾಗಿರುತ್ತಿರಲಿಲ್ಲ. ಅತ್ತೆಯ ಸೈನ್ಯವೆಂದರೆ ಅಡುಗೆಮನೆಯ ಪಾತ್ರೆಗಳು. ಅವರು ಮುಚ್ಚಳ ಮುಚ್ಚಿದ ಸದ್ದಿಗೆ ಕೆಳಮಹಡಿಯ ಗೋಡೆ ಗಡಿಯಾರ ಹೆದರಿ ಹಿಂದಕ್ಕೆ ನಡೆಯುತ್ತಿತ್ತು. ಎದುರು ಕಟ್ಟಡದ ಪಾರಿವಾಳಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುತ್ತಿದ್ದವು. ಸೊಸೆಯ ಸೈನ್ಯ ಇನ್ನೂ ಭಯಂಕರ: ಮೌನ. ಎರಡು ಕಿವಿಗೂ ಇಯರ್‌ಫೋನ್ ಸಿಕ್ಕಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳು ಕೂತುಬಿಟ್ಟರೆ, ಭೂಕಂಪ ಕೂಡ ಬಾಗಿಲು ತಟ್ಟಿ, ಅಪ್ಪಣೆ ಕೇಳಿಕೊಂಡೇ ಒಳಗೆ ಬರಬೇಕಾಗಿತ್ತು.

ಸೊಸೆ ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ನರ್ಸ್. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಅಲಾರಂ’ ಎಂದು. ಯಂತ್ರ ಕೂಗಿಕೊಳ್ಳುವ ಮೊದಲೇ ಇವಳಿಗೆ ಗೊತ್ತಾಗಿರುತ್ತದೆ. ಹಾಸಿಗೆಯ ಪಕ್ಕ ಸುಮ್ಮನೆ ಹಾದುಹೋದರೆ ಸಾಕು, ರೋಗಿಯ ರಕ್ತದೊತ್ತಡ ತಾನಾಗಿ ಎದ್ದುನಿಂತು ಇವಳಿಗೆ ವರದಿ ಒಪ್ಪಿಸುತ್ತದೆಂದು ವಾರ್ಡಿನಲ್ಲಿ ಮಾತಿತ್ತು. ಅದರಲ್ಲಿ ಮುಕ್ಕಾಲು ಪಾಲು ಸುಳ್ಳೆಂದು ಬಿಟ್ಟರೂ ಉಳಿದ ಕಾಲು ಪಾಲಿಗೆ ಇಬ್ಬರು ಡಾಕ್ಟರಾಗಬಹುದಿತ್ತು. ಆದರೆ ಗೊತ್ತಾಗಿ ಏನು ಬಂತು? ಫೋನ್ ಮಾಡಿ ತಿಳಿಸಬೇಕು, ಡಾಕ್ಟರು ಬರುವತನಕ ಕೈಕಟ್ಟಿ ನಿಲ್ಲಬೇಕು. ಹೀಗೆ ನಿಂತು ನಿಂತು ಬೇಸತ್ತು, ನಲವತ್ತು ದಾಟಿದ ಮೇಲೆ ಅವಳು ಆನ್‌ಲೈನ್‌ನಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ್ದಳು. ಮುಗಿಸಿದರೆ ನರ್ಸ್ ಪ್ರಾಕ್ಟೀಷನರ್. ಜೀವ ತೂಗಾಡುತ್ತಿರುವ ರೋಗಿಯನ್ನು ತಾನೇ ಪರೀಕ್ಷಿಸಿ, ಚಿಕಿತ್ಸೆಯನ್ನು ತಾನೇ ತೀರ್ಮಾನಿಸಿ ಶುರು ಮಾಡಬಹುದು. ಯಾರ ಹೆಜ್ಜೆ ಸದ್ದಿಗೂ ಕಿವಿಗೊಟ್ಟು ನಿಲ್ಲಬೇಕಿಲ್ಲ.

ಅದೇನೋ ದೂರದ ಮಾತು. ಸದ್ಯಕ್ಕೆ ಇದ್ದದ್ದು ಪರದೆಯ ತುಂಬ ಚೌಕಗಳು. ಒಂದೊಂದು ಚೌಕದಲ್ಲಿ ಒಬ್ಬೊಬ್ಬ ಸಹಪಾಠಿ, ಹೆಚ್ಚಿನವರು ಕ್ಯಾಮೆರಾ ಆರಿಸಿ ಕಪ್ಪಾಗಿ ಕೂತಿರುತ್ತಿದ್ದರು. ಜೊತೆಗೆ ಓದುತ್ತಿರುವವರು ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಕಾಲು ತುಳಿದರೂ ಗುರುತು ಸಿಗುವಂತಿರಲಿಲ್ಲ. ತರಗತಿ ಮುಗಿದಾಗ ಚೌಕಗಳು ಪಟಪಟನೆ ಆರಿ, ಕೊನೆಗೆ ಅವಳ ಮುಖವೊಂದೇ ಪರದೆಯಲ್ಲಿ ಉಳಿಯುತ್ತಿತ್ತು. ಆ ಮುಖಕ್ಕೂ ಅವಳಿಗೂ ಹೇಳಿಕೊಳ್ಳುವಂಥ ಪರಿಚಯವಿರಲಿಲ್ಲ.

ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಮನೆಗಿಂತ ನೀರಿನಲ್ಲೇ ಹೆಚ್ಚು ಸಂಸಾರ ಮಾಡಿದವನು. ಬಂದರು ಸಿಕ್ಕಾಗ ಫೋನ್ ಮಾಡುತ್ತಿದ್ದ. ಸೊಸೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುವಳು. ಆಮೇಲೆ ಅತ್ತೆ ಅದೇ ಫೋನು ತೆಗೆದುಕೊಂಡು ತಮ್ಮ ಕೋಣೆಗೆ ಹೋಗುವರು. “ಅಮ್ಮನಿಗೆ ಹಲ್ಲುನೋವಂತಲ್ಲ?” ಎಂದು ಅವನು ಕೇಳಿದಾಗಲೇ ಸೊಸೆಗೆ ಸುದ್ದಿ. “ಅವಳಿಗೆ ಡ್ಯೂಟಿ ಬದಲಾಗಿದೆಯಂತೆ” ಎಂದು ಅವನು ಹೇಳಿದಾಗಲೇ ಅತ್ತೆಗೆ ಸುದ್ದಿ. ಒಂದೇ ಗೋಡೆಯ ಆಚೆಯ ವರ್ತಮಾನ ಈಚೆಗೆ ಬರಬೇಕಾದರೆ ಏಳು ಸಮುದ್ರ ದಾಟಿಯೇ ಬರಬೇಕಿತ್ತು, ಅದೂ ನೆಟ್‌ವರ್ಕ್ ಇದ್ದರೆ.

ಇಂಥ ಮನೆಗೆ ಒಂದು ದಿನ ಪರದೆಯೊಳಗಿನ ಮೇಡಂ ಬಾಂಬು ಹಾಕಿದರು. ಈ ಅವಧಿಯ ಕೊನೆಯ ಪರೀಕ್ಷೆ ವಿಡಿಯೊದಲ್ಲಿ. ಜೀವಂತ ಮನುಷ್ಯನೊಬ್ಬನನ್ನು ಕೂರಿಸಿಕೊಂಡು, ಮೊದಲು ಆರೋಗ್ಯದ ಪ್ರಶ್ನೆಗಳನ್ನೆಲ್ಲ ಕೇಳಿ, ಆಮೇಲೆ ತಲೆಯಿಂದ ಕಾಲಿನವರೆಗೆ ಮುಟ್ಟಿ, ತಟ್ಟಿ, ಆಲಿಸಿ ಪರೀಕ್ಷಿಸಬೇಕು. ಇಪ್ಪತ್ತೈದು ನಿಮಿಷದೊಳಗೆ ಮುಗಿಯಬೇಕು; ನಡುವೆ ಎಲ್ಲೂ ಕತ್ತರಿಸುವ ಹಾಗಿಲ್ಲ. ಕೂರುವವರು ಆಸ್ಪತ್ರೆ ಕೆಲಸದವರಾಗಿರಬಾರದು. ಇದರಲ್ಲಿ ಪಾಸಾದವರಿಗೆ ಮಾತ್ರ ಮುಂದಿನ ಅವಧಿಯಲ್ಲಿ ವಾರ್ಡಿನ ತರಬೇತಿ. ಉಳಿದವರು ಇದೇ ಪಾಠವನ್ನು ಮತ್ತೆ ಓದಬೇಕು.

ಚೌಕಗಳಲ್ಲಿ ಗುಸುಗುಸು ಹುಟ್ಟಿತು. ಒಬ್ಬಳಿಗೆ ಗಂಡ ಇದ್ದ, ಒಬ್ಬನಿಗೆ ತಂಗಿ, ಇನ್ನೊಬ್ಬಳಿಗೆ ಪಕ್ಕದ ಮನೆಯ ಪೈಲ್ವಾನ. ಇಡೀ ಊರಿಗೆ ಮೈ ಇತ್ತು. ಅಲಾರಂ ಎಂಬವಳಿಗೆ ಕೈಯಿಡಲು ಒಂದು ಮೈ ಇರಲಿಲ್ಲ. ದಿನಕ್ಕೆ ಎಷ್ಟೋ ಮೈಗಳನ್ನು ಮಗ್ಗುಲು ಬದಲಾಯಿಸಿ ಮಲಗಿಸುವವಳು, “ಸ್ವಲ್ಪ ಬರ್ತೀರಾ?” ಎಂದು ಕರೆಯಬಹುದಾದ ಒಬ್ಬರನ್ನೂ ನೆನಪಿಸಿಕೊಳ್ಳಲಾಗದೆ ಆ ಸಂಜೆಯೆಲ್ಲ ಫೋನಿನ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದಳು. ಪ್ಲಂಬರ್ ಇದ್ದ. ಗ್ಯಾಸಿನವನಿದ್ದ. ಹಲ್ಲಿನ ಕ್ಲಿನಿಕ್ ಇತ್ತು.

ಮರುದಿನ ವಾರ್ಡಿನ ಗೆಳತಿಗೆ ಹೇಳಿಕೊಂಡಳು. ಗೆಳತಿಯ ಅಡ್ಡಹೆಸರು ಸೂಜಿ. ಕಲ್ಲಿನಲ್ಲೂ ರಕ್ತನಾಳ ಹುಡುಕಿ ಚುಚ್ಚಬಲ್ಲವಳು.

“ನಾನು ಆಸ್ಪತ್ರೆಯವಳು, ಬದುಕಿಕೊಂಡೆ,” ಎಂದಳು ಸೂಜಿ. “ಮನೇಲಿ ನಿಮ್ಮ ಅತ್ತೆ ಇದಾರಲ್ಲ ಕಣೇ.”

“ಅವರನ್ನ ಮುಟ್ಟೋದಕ್ಕಿಂತ ಕರೆಂಟ್ ತಂತಿ ಮುಟ್ಟೋದು ವಾಸಿ.”

“ತಂತಿಗೆ ಹೊಟ್ಟೆ ಇರಲ್ಲ. ಹೊಟ್ಟೆಗೆ ಮಾರ್ಕ್ಸ್ ಇದೆ.”

ಹೀಗೆ ಮಾರ್ಕ್ಸಿನ ಆಸೆಗೆ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಅತ್ತೆ ಮುಚ್ಚಳವೊಂದನ್ನು ಬಾರಿಸಲು ಎತ್ತಿದ್ದರು.

“ಅತ್ತೆ, ಒಂದು ಸಹಾಯ ಆಗ್ಬೇಕಿತ್ತು.”

ಮುಚ್ಚಳ ಗಾಳಿಯಲ್ಲೇ ನಿಂತಿತು. “ಯಾರದು ಮಾತಾಡಿದ್ದು? ಟೀವಿ ಆರಿಸಿದ್ನಲ್ಲ.”

“ನಾನೇ ಅತ್ತೆ.”

“ಓ. ನಿನಗೆ ಗಂಟಲು ಇನ್ನೂ ಇದೆ ಅನ್ನು.”

ಸೊಸೆ ವಿಷಯ ಹೇಳಿದಳು. ಅತ್ತೆ ಕೇಳಿ, ಮುಚ್ಚಳವನ್ನು ಸದ್ದಿಲ್ಲದೆ ಕೆಳಗಿಟ್ಟರು. “ಅಂದ್ರೆ ನನ್ನನ್ನ ಹೆಣದ ಹಾಗೆ ಮಲಗಿಸಿಕೊಂಡು ವಿದ್ಯೆ ಕಲೀತೀಯ.”

“ಹೆಣ ಅಲ್ಲ ಅತ್ತೆ. ಜೀವಂತ ಇರೋರೇ ಆಗ್ಬೇಕು ಅಂತ ರೂಲ್ಸು.”

“ಸದ್ಯ. ಈ ಮನೇಲಿ ನಾನು ಜೀವಂತ ಇದೀನಿ ಅಂತ ಒಬ್ಬರಿಗಾದರೂ ಗೊತ್ತಾಯ್ತು. ಯಾವತ್ತು?”

ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕೀತೆಂದು ಸೊಸೆ ಕನಸಿನಲ್ಲೂ ಎಣಿಸಿರಲಿಲ್ಲ. ಅತ್ತೆಯಾದರೋ ಅಂದಿನಿಂದ ರಾಜಕುಮಾರಿಯ ಪಟ್ಟಾಭಿಷೇಕಕ್ಕೆ ತಯಾರಾಗುವವರಂತೆ ತಯಾರಾದರು. ಪೆಟ್ಟಿಗೆಯ ತಳದ ನೀಲಿ ಬಟ್ಟೆ ಮೇಲೆ ಬಂತು. ಇಸ್ತ್ರಿಯ ಬಿಸಿಗೆ ಅದರ ಮಡಿಕೆಗಳು ಪ್ರಾಣ ಬಿಟ್ಟವು. ಮುಖಕ್ಕೆ ಬಳಿದ ಪೌಡರಿನಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಯಬಹುದಿತ್ತು. ಕುರ್ಚಿಯ ಮೇಲೆ ಕೂತು, ಪುಸ್ತಕಗಳ ಗೋಪುರಕ್ಕೆ ಒರಗಿಸಿದ್ದ ಫೋನಿನ ಕ್ಯಾಮೆರಾಕ್ಕೆ ಒಮ್ಮೆ ನಕ್ಕು, “ಕೇಳು,” ಎಂದರು.

“ನಿಮಗೆ ಕೆಮ್ಮು ಇದೆಯಾ?”

“ಯಾವ ಕೆಮ್ಮು ಕೇಳ್ತಿದೀಯ? ಮದುವೆಗೆ ಮುಂಚಿಂದೋ, ಆಮೇಲಿಂದೋ?”

ಅಲ್ಲಿಂದ ಹೊರಟಿತು ಕೆಮ್ಮಿನ ಸವಾರಿ. ಮಾವನವರ ಕೆಮ್ಮು, ಮಾವನವರ ತಮ್ಮನ ಕೆಮ್ಮು, ಅದನ್ನು ಅಡಗಿಸಲು ಹೋಗಿ ಊರಿಗೇ ಹಬ್ಬಿಸಿದ ಕಾಂಪೌಂಡರ್, ಎಲ್ಲರೂ ಸಾಲಾಗಿ ಬಂದು ಕ್ಯಾಮೆರಾದ ಮುಂದೆ ಕೆಮ್ಮಿ ಹೋದರು. ಸೊಸೆ ನಡುನಡುವೆ, “ಚಿಕ್ಕದಾಗಿ ಅತ್ತೆ, ಚಿಕ್ಕದಾಗಿ,” ಎನ್ನುತ್ತ ಬೇಲಿ ಹಾಕಿದಳು. ಅತ್ತೆ ಬೇಲಿ ಹಾರಿದರು. ಪ್ರಶ್ನೆಗಳೇ ಮುಗಿಯುವ ಮೊದಲು ಫೋನಿನ ಬ್ಯಾಟರಿ ಕೈಮುಗಿದು ಮಲಗಿತು.

ಎರಡನೆಯ ಸಲಕ್ಕೆ ಸೊಸೆ ಉಪಾಯ ಮಾಡಿದಳು. “ಅತ್ತೆ, ಈ ಸಲ ನಾನು ಏನೇ ಕೇಳಿದ್ರೂ ಇಲ್ಲ ಅಂದ್ರೆ ಸಾಕು.”

“ಹೆಸರೇನು ಅಂತ ಕೇಳಿದ್ರೂ ಇಲ್ಲ ಅನ್ಲಾ?”

“ಹೆಸರು ಹೇಳಿ. ಉಳಿದದ್ದಕ್ಕೆಲ್ಲ ಇಲ್ಲ.”

“ಇದ್ರೂ?”

“ಇದು ಪರೀಕ್ಷೆ ಅತ್ತೆ. ನೀವೇನು ನಿಜವಾದ ರೋಗಿನಾ?”

ಅತ್ತೆ ನೀಲಿ ಬಟ್ಟೆಯ ಅಂಚನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡರು. “ಅದೂ ಸರಿ,” ಎಂದರು.

ಎರಡನೆಯ ವಿಡಿಯೊ ಗಡಿಯಾರಕ್ಕೇ ಪಾಠ ಹೇಳುವಂತೆ ನಡೆಯಿತು. ಕೆಮ್ಮು? ಇಲ್ಲ. ಜ್ವರ? ಇಲ್ಲ. ಎದೆನೋವು? ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು? ಇಲ್ಲ. ಸೊಸೆ ಪ್ರತಿಯೊಂದಕ್ಕೂ, “ತುಂಬಾ ಒಳ್ಳೇದು,” ಎಂದು ಮುಂದೆ ಸಾಗಿದಳು. ಕಣ್ಣಿಗೆ ಟಾರ್ಚು ಬಿಟ್ಟಳು, ಕುತ್ತಿಗೆ ಮುಟ್ಟಿದಳು, ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅವಳು ಅತ್ತೆಯ ಭುಜ ಮುಟ್ಟಿದ್ದು ಅದೇ ಮೊದಲು. ಪಾತ್ರೆಗಳ ಸೇನಾಪತಿಯ ಭುಜ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣದಿತ್ತು. ಆಶ್ಚರ್ಯಪಡಲು ಪುರಸೊತ್ತಿರಲಿಲ್ಲ, ಇನ್ನೂ ಹೊಟ್ಟೆ ಬಾಕಿ ಇತ್ತು, ಮೊಣಕಾಲಿಗೆ ಸುತ್ತಿಗೆ ಬಾಕಿ ಇತ್ತು. ನಿಮಿಷ ಮಿಗಿಸಿ ಮುಗಿಸಿದಳು.

ವಿಡಿಯೊ ಕಳಿಸುವ ಮುಂಚೆ ವಿದ್ಯಾರ್ಥಿಯೇ ಒಮ್ಮೆ ಪೂರ್ತಿ ನೋಡಬೇಕೆಂಬುದು ಮೇಡಂ ಹಾಕಿದ ಷರತ್ತು. ಕೊನೆಯ ದಿನ, ಊಟದ ಬಿಡುವಿನಲ್ಲಿ, ನರ್ಸುಗಳು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅವಳೂ ಸೂಜಿಯೂ ಒಂದೊಂದು ಇಯರ್‌ಫೋನ್ ಹಂಚಿಕೊಂಡು ಕೂತರು. ಸಂಜೆ ಆರರೊಳಗೆ ಕಳಿಸಿದರೆ ಆಯಿತು.

“ಸಿನಿಮಾದವರು ನೋಡಿದ್ರೆ ಎತ್ತಿಕೊಂಡು ಹೋಗ್ತಾರೆ ಕಣೇ ನಿನ್ನ,” ಎಂದಳು ಸೂಜಿ, ರೊಟ್ಟಿ ಅಗಿಯುತ್ತ. “ಅತ್ತೆನೂ ಏನು ಶಿಸ್ತು. ಮಿಲಿಟರೀಲಿದ್ರಾ?”

ಪರದೆಯ ಮೇಲೆ ಸೊಸೆ ಕೇಳುತ್ತಿದ್ದಳು: “ಮನೇಲಿ ಮನಸ್ಸು ಬಿಚ್ಚಿ ಮಾತಾಡೋಕೆ ಯಾರಾದ್ರೂ ಇದಾರಾ?”

“ಇಲ್ಲ.”

“ತುಂಬಾ ಒಳ್ಳೇದು. ರಾತ್ರಿ ನಿದ್ದೆಗೆ ತೊಂದರೆ?”

ಸೂಜಿಗೆ ರೊಟ್ಟಿ ನೆತ್ತಿಗೇರಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ತುಂಬಾ ಒಳ್ಳೇದಾ? ಇದೊಂದಕ್ಕೆ ಇದಾರೆ ಅನ್ನಿಸ್ಬೇಕಿತ್ತು ಕಣೇ ಪೆದ್ದಿ. ನೀನು ಹೇಳಿಕೊಟ್ಟಿದ್ದು ಅತಿಯಾಯ್ತು.”

ಸೊಸೆಯೂ ನಕ್ಕಳು. ನಗು ಬಾಯಲ್ಲಿರುವಾಗಲೇ ಬೆರಳು ಪರದೆಯನ್ನು ಹಿಂದಕ್ಕೆ ಸರಿಸಿತು. ಇನ್ನೊಮ್ಮೆ ನೋಡಿದಳು. ಬೇರೆ ಎಲ್ಲ ‘ಇಲ್ಲ’ಗಳನ್ನೂ ಅತ್ತೆ ಕ್ಯಾಮೆರಾಕ್ಕೆ ಹೇಳಿದ್ದರು. ಇದೊಂದನ್ನು ಸೊಸೆಯ ಮುಖ ನೋಡಿ ಹೇಳಿದ್ದರು. ಸೊಸೆಯ ಮುಖ ಆ ಹೊತ್ತಿಗೆ ಗಡಿಯಾರದ ಕಡೆಗಿತ್ತು.

“ಬಿಡೇ, ಯಾವ ಮೇಡಂ ಇದನ್ನೆಲ್ಲ ಕೂತು ಕೇಳ್ತಾರೆ? ಕಳಿಸಿಬಿಡು,” ಎಂದಳು ಸೂಜಿ.

“ಇದು ಅವರ ಇಲ್ಲ ಅಂತೀಯಾ, ನಂದು ಅಂತೀಯಾ?”

“ಏನದು?”

“ನಾನು ಇಲ್ಲ ಅನ್ನಿ ಅಂದಿದ್ದಕ್ಕೆ ಅಂದ್ರಾ, ಇಲ್ಲ ಅಂತಲೇ ಅಂದ್ರಾ?”

ಸೂಜಿ ಅಗಿಯುವುದನ್ನು ನಿಲ್ಲಿಸಿದಳು. ಸೊಸೆಗೆ ಅಷ್ಟರಲ್ಲಿ ಇನ್ನೊಂದು ಹೊಳೆದಿತ್ತು. ಈ ಒಂದು ಇಲ್ಲ ಯಾರದೆಂದು ಗೊತ್ತಿಲ್ಲವೆಂದ ಮೇಲೆ ಎದೆನೋವಿಗೆ ಹೇಳಿದ ಇಲ್ಲ ಯಾರದು? ಏದುಸಿರಿಗೆ ಹೇಳಿದ್ದು? ಅವಳು ಬ್ಯಾಟರಿ ಸತ್ತ ಮೊದಲನೆಯ ವಿಡಿಯೊ ತೆರೆದಳು. ಕೆಮ್ಮಿನ ಮೆರವಣಿಗೆಯನ್ನು ದಾಟಿ, ತಾನು ಅಂದು ಕಿವಿಯ ಮೇಲೇ ಹಾಕಿಕೊಳ್ಳದೆ ಬಿಟ್ಟಿದ್ದ ಜಾಗಕ್ಕೆ ಬಂದಳು.

“ಏದುಸಿರಾ? ಚಳಿಗಾಲದಿಂದ ಕೆಳಗಿನ ಗೇಟಿನ ಹತ್ರ ಬೆಂಚಿಗೆ ಹೋಗೋದನ್ನೇ ಬಿಟ್ಟೆ ನಾನು,” ಎನ್ನುತ್ತಿದ್ದರು ಪರದೆಯ ಅತ್ತೆ. “ಇಳಿಯೋದೇನೋ ಇಳೀಬಹುದು. ಹತ್ತುವಾಗ ಎರಡನೇ ಮಹಡಿ ಬಂತು ಅನ್ನೋಷ್ಟರಲ್ಲಿ ಎದೆ ಮೇಲೆ ಯಾರೋ ಹತ್ತಿ ಕೂತ ಹಾಗೆ—”

“ಚಿಕ್ಕದಾಗಿ ಅತ್ತೆ.”

“ಸ್ವಲ್ಪ ನಿಂತರೆ ಇಳಿದು ಹೋಗ್ತಾನೆ, ಯಾರೋ ಏನೋ. ಎಡಗೈ ಮಾತ್ರ—”

“ಆಯ್ತು. ಮುಂದಿನ ಪ್ರಶ್ನೆ.”

ಅತ್ತೆ ಬೆಂಚು ಬಿಟ್ಟದ್ದು ಅಲ್ಲಿ ಕೂರುವ ಹೆಂಗಸರ ಜೊತೆ ಜಗಳವಾಗಿ ಎಂದೇ ಸೊಸೆ ತಿಳಿದಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ, ಅವಳೇ ತಿಳಿದುಕೊಂಡಿದ್ದಳು. ನರ್ಸಿಂಗ್ ಮೊದಲ ವರ್ಷದ ಹುಡುಗಿ ಕೂಡ ಕುರ್ಚಿಯಿಂದ ಎದ್ದು ನಿಲ್ಲುವ ಮಾತುಗಳು ಅವು. ಯಂತ್ರ ಕೂಗುವ ಮೊದಲೇ ಕೇಳಿಸಿಕೊಳ್ಳುವ ಪ್ರಚಂಡೆ, ಎದುರಿಗೆ ಕೂತು ಮನುಷ್ಯರು ಕೂಗಿ ಹೇಳಿದ್ದಕ್ಕೆ ‘ಮುಂದಿನ ಪ್ರಶ್ನೆ’ ಎಂದಿದ್ದಳು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಟೀವಿ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿತ್ತು. ಸೊಸೆ ಅದನ್ನು ಆರಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

“ಅತ್ತೆ, ಮೆಟ್ಟಿಲು ಹತ್ತುವಾಗ ಎದೆ ನೋಯತ್ತಾ?”

“ಇಲ್ಲ.”

“ಕ್ಯಾಮೆರಾ ಇಲ್ಲ ಈಗ. ನಿಜ ಹೇಳಿ.”

“ಇಲ್ಲ.”

“ಎಡಗೈ?”

“ಇಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ನಿದ್ದೆಗೆ ತೊಂದರೆ ಇಲ್ಲ. ಇನ್ನೇನಾದರೂ ಬಾಕಿ ಇದ್ರೆ ಅದೂ ಇಲ್ಲ. ಸಾಕಾ?”

ಅತ್ತೆಯ ದನಿಯಲ್ಲಿ ಸಿಟ್ಟಿಲ್ಲ, ಕುಹಕವೂ ಇಲ್ಲ. ಕಲಿಸಿದ ಪಾಠ ಒಪ್ಪಿಸುವ ಮಗುವಿನ ದನಿ ಅದು. ಅದೇ ಸೊಸೆಯನ್ನು ಸೋಲಿಸಿತು. ಜಗಳಕ್ಕೆ ಬಂದಿದ್ದರೆ ಎರಡು ಮಾತು ಕೇಳಿಸಿಕೊಂಡು ಕಾಲು ಹಿಡಿಯಬಹುದಿತ್ತು. ಬೀಗ ಹಾಕಿದವಳು ತಾನು. ಕೀಲಿ ಎಲ್ಲಿಟ್ಟೆನೆಂದು ತನಗೇ ತಿಳಿಯುತ್ತಿಲ್ಲ. ಅವಳು ಎದ್ದಳು. ಅತ್ತೆಯನ್ನು ತನ್ನ ಕುರ್ಚಿಗೆ ಕೂರಿಸಿ, ಕಿಟಕಿಯ ಬಳಿಯ ಕುರ್ಚಿಯಲ್ಲಿ ತಾನು ಕೂತಳು.

“ಈಗ ನೀವು ಕೇಳಿ. ನಾನು ರೋಗಿ.”

“ಇದೂ ಪರೀಕ್ಷೆಗಾ?”

“ಪರೀಕ್ಷೆಗಲ್ಲ.”

ಅತ್ತೆ ಅನುಮಾನದಿಂದ ಅವಳನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸೊಸೆಯ ದನಿಯನ್ನೇ ಮೂಗಿನಲ್ಲಿ ಹಿಡಿದು ಶುರುಮಾಡಿದರು. “ನಿಮಗೆ ಕೆಮ್ಮು ಇದೆಯಾ?”

“ಇಲ್ಲ.”

“ತುಂಬಾ ಒಳ್ಳೇದು. ನಿದ್ದೆಗೆ ತೊಂದರೆ?”

“ಇದೆ ಅತ್ತೆ. ತುಂಬ ದಿನದಿಂದ.”

ಇದು ಅತ್ತೆಗೆ ಕಲಿಸಿದ ಪಾಠದಲ್ಲಿರಲಿಲ್ಲ. ಮೂಗಿನ ದನಿ ಇಳಿಯಿತು. ಇನ್ನೊಂದು ಪ್ರಶ್ನೆ ನೆನಪಾಗಿ, ಕೇಳಲೋ ಬೇಡವೋ ಎಂದು ತಡೆದು, ಕೇಳಿಯೇ ಬಿಟ್ಟರು. “ಮನೇಲಿ ಮಾತಾಡೋಕೆ ಯಾರಾದ್ರೂ ಇದಾರೇನೇ?”

ಸೊಸೆ ಇಲ್ಲವೆಂದು ತಲೆಯಾಡಿಸಿದಳು.

“ತುಂಬಾ...” ಎಂದು ರೂಢಿಯ ಮೇಲೆ ಬಾಯಿ ತೆಗೆದ ಅತ್ತೆ ಅಲ್ಲೇ ನಿಂತರು. ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಕಿಂಯ್‌ಗುಟ್ಟುವುದು ಕೇಳಿಸುತ್ತಿತ್ತು.

“ಬಾಯಿ ಇಲ್ವಾ ನಿನಗೆ?” ಎಂದರು ಕೊನೆಗೆ. “ಬಂದು ಹೇಳ್ಕೋಬಹುದಿತ್ತಲ್ಲ. ನಾನೇನು ಹುಲಿನಾ?”

“ದಿನವಿಡೀ ಉತ್ತರ ಕೊಡೋಕಾಗದೇ ಇರೋರ ಹತ್ರ ಮಾತಾಡ್ತೀನಿ ಅತ್ತೆ. ಬಾಯಲ್ಲಿ ನಳಿಕೆ, ಮೂಗಲ್ಲಿ ನಳಿಕೆ. ಮನೆಗೆ ಬರೋ ಹೊತ್ತಿಗೆ ನಾಲಿಗೆ ಸತ್ತಿರತ್ತೆ. ನೀವು ಪಾತ್ರೆ ಬಾರಿಸ್ತೀರಿ, ನಾನು ಕಿವಿ ಮುಚ್ಕೋತೀನಿ.”

“ಪಾತ್ರೆ ಯಾಕೆ ಬಾರಿಸ್ತೀನಿ ಅಂದ್ಕೊಂಡಿದೀಯ? ನೀನು ‘ಏನದು ಗಲಾಟೆ’ ಅಂತಾದ್ರೂ ಅಂದೀಯ ಅಂತ. ಹೊರಗಿನವರಿಗೆ ಒಳ್ಳೊಳ್ಳೆ ಮಾತೆಲ್ಲ ಬಡಿಸಿ, ಮನೆಗೆ ತಳದ ಸೀಕಲೂ ತರಲ್ಲ ನೀನು.” ಅತ್ತೆ ಉಸಿರು ತೆಗೆದುಕೊಂಡರು, ಎಡಗೈಯನ್ನು ಬಲಗೈಯಿಂದ ನೀವಿಕೊಂಡರು. “ನೋಯತ್ತೆ,” ಎಂದರು, ಕೈಯನ್ನೇ ನೋಡುತ್ತ. “ಹೂಂ. ನೋಯತ್ತೆ.”

ಆಸ್ಪತ್ರೆಗೆ ಹೊರಟಾಗ ನಾಲ್ಕು ಗಂಟೆಯ ಬಿಸಿಲು. ಬಾಡಿಗೆ ಕಾರಿನಲ್ಲಿ ಕೂತು ಸೊಸೆ ಮೇಡಂಗೆ ಸಂದೇಶ ಬರೆದಳು: ವಿಡಿಯೊ ಇದೆ, ಆದರೆ ಅದರಲ್ಲಿ ರೋಗಿ ಆಡಿದ್ದು ರೋಗಿಯ ಮಾತಲ್ಲ, ನಾನು ಹೇಳಿಕೊಟ್ಟದ್ದು, ಅದನ್ನು ಕಳಿಸಲಾರೆ, ಇನ್ನೊಂದು ಮಾಡಲು ನಾಲ್ಕು ದಿನ ಕೊಡುತ್ತೀರಾ. ಉತ್ತರ ತಕ್ಷಣ ಬಂತು. ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು, ನಿಯಮ ಎಲ್ಲರಿಗೂ ಒಂದೇ, ಮುಂದಿನ ಅವಧಿಯಲ್ಲಿ ಮತ್ತೆ ಸೇರಿಕೊಳ್ಳಿ. ಕೆಳಗೆ ನಗುವ ಹಳದಿ ಮುಖವೊಂದಿತ್ತು. ಸೊಸೆ ಆ ಮುಖವನ್ನು ಒಂದು ಸಿಗ್ನಲ್ಲು ದಾಟುವವರೆಗೆ ನೋಡಿದಳು. ಇಡೀ ಅವಧಿಯ ಓದು ಹೋಯಿತೆಂದು ಹೇಳಿಕೊಳ್ಳಲು ಹಡಗಿನಲ್ಲಿ ನೆಟ್‌ವರ್ಕ್ ಇರಲಿಲ್ಲ.

“ಯಾರದು?” ಎಂದರು ಅತ್ತೆ.

“ಮೇಡಂ. ಫೇಲ್ ಆದೆ ಅತ್ತೆ.”

“ನನ್ನಿಂದಾನಾ?”

“ನನ್ನಿಂದ.”

ತಿರುವಿನಲ್ಲಿ ಕಾರು ವಾಲಿದಾಗ ಅತ್ತೆಯ ಭುಜ ಸೊಸೆಯ ಭುಜಕ್ಕೆ ತಾಗಿತು. ಕಾರು ನೆಟ್ಟಗಾದ ಮೇಲೂ ಅಲ್ಲೇ ಇತ್ತು.

ಹೃದಯದ ವಿಭಾಗದಲ್ಲಿ ಇಸಿಜಿ ತೆಗೆದರು, ರಕ್ತ ತೆಗೆದರು. ಡಾಕ್ಟರು ಇಸಿಜಿಯ ಉದ್ದನೆಯ ಕಾಗದ ನೋಡಿ, ಹುಬ್ಬು ಗಂಟಿಕ್ಕಿ, ಅತ್ತೆಯನ್ನು ಇವತ್ತೇ ಸೇರಿಸಿಕೊಳ್ಳಬೇಕೆಂದರು. ಬಂದದ್ದು ಒಳ್ಳೆಯದಾಯಿತೆಂದೂ ಹೇಳಿದರು. ಹೊರಗೆ ರೋಗಿಗಳ ಸಾಲು ಊರಾಚೆಯವರೆಗೂ ಬೆಳೆದು, ಅದರ ಬಾಲ ಪಕ್ಕದ ಊರಿಗೆ ಮುಟ್ಟಿರುವಂತಿತ್ತು. ಡಾಕ್ಟರು ಪೆನ್ನು ಹಿಡಿದು ಕೇಳಿದರು. “ಅಮ್ಮ, ಈ ನೋವು ಶುರುವಾದದ್ದು ಯಾವಾಗ? ಯಾವ ಕೆಲಸ ಮಾಡುವಾಗ ಬರತ್ತೆ? ಚಿಕ್ಕದಾಗಿ ಹೇಳಿ.”

ಅತ್ತೆ ಸೊಸೆಯ ಕಡೆ ತಿರುಗಿದರು. ಕಲಿತ ‘ಇಲ್ಲ’ ತುಟಿಯ ತುದಿಗೆ ಬಂದು ಅಪ್ಪಣೆಗೆ ಕಾಯುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಆರು ದಾಟುತ್ತಿತ್ತು.

“ಇದ್ದದ್ದು ಇದ್ದ ಹಾಗೆ ಹೇಳಿ ಅತ್ತೆ,” ಎಂದಳು ಸೊಸೆ. “ಎಷ್ಟು ಉದ್ದ ಆದ್ರೂ ಪರವಾಗಿಲ್ಲ.”

ಅತ್ತೆ ಡಾಕ್ಟರ ಕಡೆ ತಿರುಗಿ, ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡರು. “ನಮ್ಮ ಗೇಟಿನ ಹತ್ರ ಒಂದು ಬೆಂಚಿದೆ ಡಾಕ್ಟ್ರೇ. ಅಲ್ಲಿ ಕೂತ್ರೆ ತಿರುವಿನಲ್ಲಿ ಇವಳ ಬಸ್ಸು ಬರೋದು ಕಾಣತ್ತೆ. ದಿನಾ ಸಂಜೆ ಹೋಗಿ ಕೂರ್ತಿದ್ದೆ. ಬಸ್ಸು ಕಂಡ ತಕ್ಷಣ ಎದ್ದು, ಇವಳು ಗೇಟಿಗೆ ಬರೋಷ್ಟರಲ್ಲಿ ಮೂರೂ ಮಹಡಿ ಹತ್ತಿ, ಪಾತ್ರೆ ಕೈಗೆ ತಗೊಂಡುಬಿಡ್ತಿದ್ದೆ. ಕಾದಿದ್ದೆ ಅಂತ ಇವಳಿಗೆ ಗೊತ್ತಾಗಬಾರದಲ್ಲ. ಆ ಓಟದಲ್ಲೇ ಎದೆ ಹಿಡ್ಕೊಳ್ಳೋದು ಶುರುವಾಗಿದ್ದು.”

ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತಿತು. ಸೊಸೆ ಮೂಲೆಯ ಸ್ಟೂಲನ್ನು ಎಳೆದು ಅತ್ತೆಯ ಪಕ್ಕಕ್ಕೆ ಹಾಕಿಕೊಂಡು ಕೂತಳು.

“ಆಮೇಲೆ?” ಎಂದಳು.